ಕೊಂಬಣ್ಣ ಬಾರದ ಮೂರು ಬೆಳಗು

ಬೇರೆ ಊರಿನವರು ಕೆಟ್ಟ ಸುದ್ದಿ ಕೇಳಿದಾಗ ‘ಕಾಲಡಿಯ ನೆಲವೇ ಕುಸಿದಂತಾಯಿತು’ ಎನ್ನುತ್ತಾರಂತೆ. ನಮ್ಮೂರಿನಲ್ಲಿ ಯಾರಾದರೂ ಬಾಯಿತಪ್ಪಿ ಆ ಮಾತು ಆಡಿದರೆ ಹಿರಿಯರು ಬಾಯಿಯ ಮೇಲೆ ಹೊಡೆಯುತ್ತಾರೆ. ನಮಗೆ ಅದು ಬರೀ ಮಾತಲ್ಲ, ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ನೋಡಿಕೊಳ್ಳಬೇಕಾದ ಸಂಗತಿ. ನಮ್ಮ ನೆಲ ಹುಳು ಇರುವ ತನಕ ನೆಲ, ಹುಳು ಹೋದ ಮೇಲೆ ಅಂಬಲಿ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಮ್ಮಜ್ಜಿಯನ್ನು ಕೇಳಿದ್ದೆ, ‘ನಿನ್ನ ಮೂಗು ಮುಖದ ಮೇಲೇ ಯಾಕಿದೆ’ ಎಂದು ತಿರುಗಿ ಕೇಳಿದ್ದಳು.

ಊರಿನ ಮೂರು ದಿಕ್ಕಿಗೂ ಹಸಿಬಯಲು. ಎದೆಮಟ್ಟದ ಹುಲ್ಲು, ಹುಲ್ಲಿನ ಬುಡದಲ್ಲಿ ಪಾದ ಮುಳುಗುವಷ್ಟು ನೀರು, ನಡುನಡುವೆ ಎಮ್ಮೆಗಳು ಹೊರಳಾಡಿ ಮಾಡಿದ ಹೊಂಡಗಳು. ನಡೆದರೆ ನೆಲ ಹಗ್ಗದ ಮಂಚದ ಹಾಗೆ ತೂಗುತ್ತದೆ. ನಾಲ್ಕನೆಯ ದಿಕ್ಕಿನಲ್ಲಿ ಒಂದು ಹಾಸುಬಂಡೆ. ಊರಿಗೆಲ್ಲ ನಂಬಬಹುದಾದದ್ದು ಅದೊಂದೇ, ಆದರೆ ಬಂಡೆಯ ಮೇಲೆ ಒಂದು ತುಂಬೆ ಗಿಡವೂ ಹುಟ್ಟುವುದಿಲ್ಲ.

ನಾನು ಹೊಂಬಾಳಮ್ಮ, ಈ ಊರಿನ ಹುಳ ನೋಡುವವಳು. ಎದುರಿಗೆ ಹೊಂಬಾಳಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಸಗಣಿ ಹೊಂಬಾಳಿ. ನನಗೇನೂ ಬೇಸರವಿಲ್ಲ. ದಿನಾ ಕೈ ಸಗಣಿಯಲ್ಲಿ ಇರುವವಳ ಕೈಯನ್ನು ಯಾರು ತಾನೆ ಹಿಡಿದಾರು? ಹಾಗಾಗಿ ಗಂಡ, ಮಕ್ಕಳು ಅಂತ ಇಲ್ಲ. ಇರುವವಳು ತಂಗಿ ಚಿಕ್ಕತಾಯಿ ಒಬ್ಬಳೇ. ಅವ್ವ ಸಾಯುವಾಗ ಅವಳಿಗೆ ಏಳು ವರ್ಷ. ಎತ್ತಿ ಆಡಿಸಿ, ಜಡೆ ಹಾಕಿ, ಹಗ್ಗ ಹೊಸೆಯುವ ಮರಿಗಂಗಯ್ಯನಿಗೆ ಕೊಟ್ಟು ಮದುವೆ ಮಾಡಿದ್ದು ನಾನು.

ನನ್ನ ಕೆಲಸ ಇಷ್ಟೇ. ಹೊತ್ತು ಮೂಡುವ ಮೊದಲು ಪ್ರತಿ ಮನೆಯವರೂ ಮನೆಯ ನಾಲ್ಕು ಮೂಲೆಗೆ ಹೊಸ ಸಗಣಿಯ ಒಂದೊಂದು ಮುದ್ದೆ ಇಡುತ್ತಾರೆ. ಬಿಸಿಲು ಏರಿದ ಮೇಲೆ ನಾನು ಹೋಗಿ ಪೊರಕೆಕಡ್ಡಿಯಿಂದ ಮುದ್ದೆ ಬಿಡಿಸಿ, ಯಾವ ಹುಳು ಬಂದಿದೆ, ಯಾವುದು ತೋಡಿಕೊಂಡು ಕೆಳಗೆ ಹೋಗಿದೆ ಎಂದು ನೋಡಿ ಹೇಳುತ್ತೇನೆ. ನಾನು ನೋಡುವಾಗ ಮನೆಯವರು ಆ ಕಡೆ ತಿರುಗಿ ನಿಲ್ಲಬೇಕು. ಮನೆಯವರ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ, ಅದಕ್ಕೇ ಈ ಕಟ್ಟಳೆ. ಹೀಗಾಗಿ ದಿನವೂ ಹುಳುಗಳ ಮೇಲೆ ಮಲಗುವ ಈ ಊರಿನ ಜನರಲ್ಲಿ ಹುಳುವಿನ ಗುರುತು ಬಲ್ಲವರು ನಾನೊಬ್ಬಳೇ.

ಒಳ್ಳೆಯ ವರ್ಷದಲ್ಲಿ ಇಪ್ಪತ್ತಮೂರು ಜಾತಿ ಬರುತ್ತಿದ್ದವು. ಸಗಣಿಯೊಳಗೇ ಸಂಸಾರ ಹೂಡುವ ಸಾಸಿವೆಕಾಳಿನಂಥವು ಮನೆಮಕ್ಕಳು. ಉಂಡೆ ಕಟ್ಟಿ ಹಿಂಗಾಲಿನಿಂದ ತಳ್ಳಿಕೊಂಡು ಹೋಗುವವು ಉರುಳಿಗರು. ಅವುಗಳಲ್ಲೇ ತಾಮ್ರದ ಬಣ್ಣದವು ಬೇರೆ, ನವಿಲುಬಣ್ಣದವು ಬೇರೆ. ಗೇಣು ಆಳ ತೋಡುವವು ಗೇಣಿನವು, ಮೊಳ ಆಳ ತೋಡುವವು ಮೊಳದವು. ಎಲ್ಲಕ್ಕಿಂತ ಕೆಳಗೆ, ಒಂದು ಆಳಿನಷ್ಟು ಆಳಕ್ಕೆ ಇಳಿಯುವವನು ಕೊಂಬಣ್ಣ. ಹೆಬ್ಬೆರಳಿಗಿಂತ ದಪ್ಪ, ನೆತ್ತಿಯಿಂದ ಹಿಂದಕ್ಕೆ ಬಾಗಿದ ಒಂದೇ ಕೊಂಬು. ಒಂದೊಂದು ಜಾತಿಯೂ ತನ್ನ ತನ್ನ ಆಳದ ನೆಲವನ್ನು ಹಿಡಿದಿರುತ್ತದೆ. ಮೇಲಿನವು ನಾಲ್ಕು ತಪ್ಪಿದರೆ ಅಂಗಳ ಕೆಸರಾಗುತ್ತದೆ, ಮೊಳದವು ತಪ್ಪಿದರೆ ಗೋಡೆ ಬಿರುಕು ಬಿಡುತ್ತದೆ. ಕೊಂಬಣ್ಣ ಮೂರು ಬೆಳಗು ಬಾರದಿದ್ದರೆ ಮನೆಯವರು ನಡುಮಧ್ಯಾಹ್ನದೊಳಗೆ ಮನೆ ಬಿಡಬೇಕು. ಆ ಮಾತಿಗೆ ಎದುರು ಮಾತಿಲ್ಲ.

‘ಕಂಡದ್ದು ಹೇಳು, ಕಾಣದ್ದು ಹೇಳಬೇಡ, ಬೇಕಾದ್ದನ್ನಂತೂ ಹೇಳಲೇಬೇಡ’ ಎಂದು ಅವ್ವ ಕಡ್ಡಿ ಕೈಗೆ ಕೊಡುವಾಗ ಹೇಳಿದ್ದಳು. ಇಪ್ಪತ್ತೆಂಟು ವರ್ಷ ಹಾಗೇ ನಡೆದುಕೊಂಡೆ. ನನ್ನ ಒಂದು ಮಾತಿಗೆ ಮದುವೆ ಚಪ್ಪರ ಕಿತ್ತುಕೊಂಡು ಹೋದವರಿದ್ದಾರೆ. ಒಬ್ಬರೂ ‘ಇನ್ನೊಂದು ಸಲ ನೋಡು’ ಎನ್ನಲಿಲ್ಲ.

ಈ ವರ್ಷ ಮಳೆ ಹಿಡಿದು ಹದಿನೈದು ದಿನವಾಗಿತ್ತು. ಜೊಂಡಿನ ಚಾಪೆ ಹೆಣೆಯುವ ಸಿದ್ದವೀರನ ಮನೆ, ನಾನು ಬೆಳಗ್ಗೆ ‘ಬಂದವೆ’ ಎಂದು ಹೇಳಿ ಹೋದ ಮನೆ, ಹಗಲು ಊಟದ ಹೊತ್ತಿಗೆ ಸೂರಿನವರೆಗೆ ಇಳಿದುಹೋಯಿತು. ಸದ್ದೇ ಆಗಲಿಲ್ಲ. ಎಲ್ಲರೂ ಹಿತ್ತಿಲಲ್ಲಿ ಜೊಂಡು ಸೀಳುತ್ತಿದ್ದರು, ಅದಕ್ಕೆ ಉಳಿದರು. ಸಿದ್ದವೀರನ ಹೆಂಡತಿ ಸಾರು ತರಲು ಒಳಗೆ ಹೋಗಬೇಕೆಂದು ತಿರುಗಿ ನೋಡಿದರೆ ಬಾಗಿಲು ಇರಬೇಕಾದ ಕಡೆ ಹಂಚು ಇತ್ತು. ಆಕೆ ಕೈಯಲ್ಲಿ ಪಾತ್ರೆ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದಳಂತೆ.

ನಾನು ಸುಳ್ಳು ಹೇಳಿರಲಿಲ್ಲ. ಅವತ್ತು ಅಲ್ಲಿ ಹುಳು ಬಂದಿದ್ದವು. ಹಿಂದೆ ಎಂದೂ ಹೀಗಾಗಿರಲಿಲ್ಲ, ಅದಕ್ಕೇ ಊರಿಗೆ ಊರೇ ನಡುಗಿತು. ಯಜಮಾನ ಗುರುಶಾಂತಯ್ಯ ಬಂಡೆಯ ಮೇಲೆ ಎಲ್ಲರನ್ನೂ ಸೇರಿಸಿದ. ಒಳ್ಳೆಯ ಮನುಷ್ಯ, ಆದರೆ ಹೆದರಿದಾಗ ಅವನ ಗಂಟಲು ದೊಡ್ಡದಾಗುತ್ತದೆ.

‘ಇವತ್ತಿಂದ ಒಂದು ದನಾನೂ ಬಯಲಿಗೆ ಹೋಗೋ ಹಂಗಿಲ್ಲ,’ ಎಂದ. ‘ಸಗಣಿಯೆಲ್ಲ ಬಯಲಿಗೆ ಹೋದ್ರೆ ಹುಳಾನೂ ಬಯಲಿಗೇ ಹೋಯ್ತವೆ. ಎಲ್ಲಾ ದನ ಮನೆ ಸುತ್ತ ಕಟ್ಟಿ. ಸಗಣಿ ಗೋಡೆಗೆ ಒಟ್ಟಿ. ಹುಳ ಎಲ್ಲಾ ಮನೆ ಬುಡಕ್ಕೇ ಬರ್ಲಿ.’

ಕೇಳಿದರೆ ಸರಿಯೆನಿಸುವ ಮಾತು. ನನಗೂ ಸರಿಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆಯೊಳಗೆ ನೂರಾರು ಎಮ್ಮೆ, ದನಗಳು ಬೀದಿಯಲ್ಲಿ ಗೂಟಕ್ಕೆ ಬಿದ್ದವು. ಆಳುಗಳು ಬಯಲಿನ ಅಂಚಿನಿಂದ ಹುಲ್ಲು ಕೊಯ್ದು ತಂದು ಹಾಕಿದರು. ಮಂಕರಿ ಮಂಕರಿ ಸಗಣಿ ಗೋಡೆಯುದ್ದಕ್ಕೂ ಬಿತ್ತು. ಗಂಜಲ ಹರಿದು ರಾಶಿಯೆಲ್ಲ ನೆಂದು, ನೊಣ ಮುತ್ತಿ, ಊರು ಒಂದು ದೊಡ್ಡ ಕೊಟ್ಟಿಗೆಯಾಯಿತು. ಜನ ಮೂಗು ಮುಚ್ಚಿಕೊಂಡೇ ನೆಮ್ಮದಿಯಿಂದ ಮಲಗಿದರು.

ಹುಳುಗಳಿಗೆ ಅದು ಹಿಡಿಸಲಿಲ್ಲ. ಮೊದಲು ಹೋದವರು ಉರುಳಿಗರು. ಉಂಡೆ ತಳ್ಳಿಕೊಂಡು ಹೋಗಲು ಬಯಲು ಬೇಕು, ಗೊರಸು ತುಳಿದು ಕಲಸಿದ ಕೆಸರಿನಲ್ಲಿ ಎಲ್ಲಿಗೆ ತಳ್ಳುತ್ತವೆ? ಒಂದು ವಾರಕ್ಕೆ ಇಪ್ಪತ್ತಮೂರು ಜಾತಿ ಹದಿನಾಲ್ಕಾಯಿತು. ಇನ್ನೊಂದು ವಾರಕ್ಕೆ ಒಂಬತ್ತು. ಉಳಿದವುಗಳಲ್ಲಿ ಮನೆಮಕ್ಕಳೇ ಸಾವಿರಗಟ್ಟಲೆ ಮಿಜಿಮಿಜಿ ಎನ್ನುತ್ತಿದ್ದವು, ಅವು ಒಂದು ಬೆರಳು ಆಳವೂ ತೋಡುವುದಿಲ್ಲ. ಗುರುಶಾಂತಯ್ಯನ ಬಳಿ ಹೋಗಿ, ‘ಯಜಮಾನ್ರೇ, ದನ ಬಯಲಿಗೆ ಬಿಡಿ. ಬಯಲಲ್ಲಿ ಮೇದು ಬಯಲಲ್ಲೇ ಹಾಕಿದ ಸಗಣಿ ಬೇಕು ಕೊಂಬಣ್ಣಂಗೆ’ ಎಂದೆ.

‘ಯಾರು ಹೋಯ್ತಾರೆ ಹೇಳು ಆ ತೂಗೋ ನೆಲದ ಮೇಲೆ?’ ಎಂದ ಅವನು. ‘ಹುಳ ಕಮ್ಮಿ ಆಗವೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ ಹೊಂಬಾಳಮ್ಮ. ಮೊದ್ಲೇ ಜನ ಹೆದರಿಕೊಂಡವ್ರೆ.’

ಇದೇ ಹೊತ್ತಿಗೆ ಚಿಕ್ಕತಾಯಿಗೆ ದಿನ ತುಂಬುತ್ತಿತ್ತು. ಎರಡು ಬಸಿರು ಏಳನೆಯ ತಿಂಗಳಿಗೇ ಕಳೆದುಕೊಂಡಿದ್ದಳು. ಇದು ಮೂರನೆಯದು, ಎಂಟು ದಾಟಿತ್ತು. ಸೂಲಗಿತ್ತಿ ಹೊನ್ನಾಜಮ್ಮ ಅವಳ ಮಂಚದ ಕಾಲಕಡೆಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿ ಮಲಗಿಸಿದ್ದಳು. ‘ಬಚ್ಚಲಿಗೂ ಎದ್ದು ಹೋಗಕೂಡದು. ಎತ್ತಿ ಅಲ್ಲಾಡಿಸಿದ್ರೆ ಮಗೂನೂ ಇಲ್ಲ, ತಾಯೀನೂ ಇಲ್ಲ’ ಎಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಹೇಳಿದ್ದಳು. ನಾನು ದಿನಾ ಊರೆಲ್ಲ ಸುತ್ತಿ ಕೊನೆಗೆ ತಂಗಿಯ ಮನೆಗೆ ಹೋಗುತ್ತಿದ್ದೆ, ಅಲ್ಲಿ ಸ್ವಲ್ಪ ಹೊತ್ತು ಕೂರಬಹುದು ಎಂದು.

ಒಂದು ದಿನ ಅವಳ ಮನೆಯ ನಾಲ್ಕು ಮೂಲೆಯಲ್ಲೂ ಕೊಂಬಣ್ಣ ಇರಲಿಲ್ಲ. ಮಳೆ ಜೋರಾಗಿದೆ, ಅದಕ್ಕೆ, ಎಂದುಕೊಂಡೆ. ಮರುದಿನವೂ ಇರಲಿಲ್ಲ. ಮಳೆ ನಿಂತು ಹೊಳವಾಗಿತ್ತು. ಮೂರನೆಯ ಬೆಳಗು ಬೇರೆ ಮನೆಗಳನ್ನೆಲ್ಲ ಬಿಟ್ಟು ಮೊದಲು ಅಲ್ಲಿಗೇ ಓಡಿದೆ. ಮರಿಗಂಗಯ್ಯ ಕಟ್ಟಳೆಯಂತೆ ಬೇಲಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಕತ್ತಿನ ನರ ಬಿಗಿದಿದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಮೊದಲ ಮೂಲೆ, ಇಲ್ಲ. ಎರಡನೆಯದು, ಇಲ್ಲ. ಮೂರನೆಯ ಮುದ್ದೆ ಮುಟ್ಟಿರಲೇ ಇಲ್ಲ, ಮೇಲೆ ಸಿಪ್ಪೆಗಟ್ಟಿತ್ತು. ನಾಲ್ಕನೆಯದನ್ನು ಬಿಡಿಸಿದೆ. ಅದರೊಳಗೆ ಒಂದು ಮೊಂಡುಗೊಂಬ ಇತ್ತು. ಇದು ಗೇಣಿನ ಜಾತಿಯ ಹುಳು, ಕೊಂಬಣ್ಣನ ಅರ್ಧದಷ್ಟು, ತಲೆಯ ಮೇಲೆ ನೆಟ್ಟಗೆ ನಿಂತ ಮೊಟಕು ಕೊಂಬು. ನೆಲ ಹಿಡಿಯುವ ವಿಷಯದಲ್ಲಿ ಅದು ಹೆಸರಿಗಷ್ಟೇ ಕೊಂಬಿನ ಹುಳು. ನಾನು ಅದನ್ನೇ ನೋಡುತ್ತಾ ಕುಕ್ಕರಗಾಲಿನಲ್ಲಿ ಕೂತೆ. ‘ಬಂದಿಲ್ಲ’ ಎಂದರೆ ನಡುಮಧ್ಯಾಹ್ನದೊಳಗೆ ತಂಗಿಯನ್ನು ಎತ್ತಬೇಕು. ಎತ್ತಿದರೆ ಏನಾಗುತ್ತದೆಂದು ಹೊನ್ನಾಜಮ್ಮ ಹೇಳಿಯಾಗಿತ್ತು. ‘ಬಂದಿದೆ’ ಎಂದರೆ ನೆಲ ಇವತ್ತೇ ಕುಸಿಯಬೇಕೆಂದೇನೂ ಇಲ್ಲ. ಹತ್ತು ದಿನ ತಡೆದೀತು. ಹತ್ತು ದಿನ ಸಾಕು.

‘ಅಕ್ಕಯ್ಯ?’ ಎಂದ ಮರಿಗಂಗಯ್ಯ, ತಿರುಗದೆಯೇ.

‘ಬಂದವೆ ಕಣಪ್ಪ.’

‘ಕೊಂಬಣ್ಣನೂ?’

‘ಹೂಂ. ಕೊಂಬಣ್ಣನೂ.’

ಅವನು ಬೇಲಿಯ ಗೂಟ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತ. ಅವನ ಅಳು ನೋಡಿ ನನಗೆ ಇನ್ನೂ ಧೈರ್ಯ ಬಂತು, ಅಥವಾ ಹುಚ್ಚು ಹಿಡಿಯಿತು. ಆ ಮೊಂಡುಗೊಂಬವನ್ನು ಅಂಗೈಯಲ್ಲಿ ಹಾಕಿಕೊಂಡು ಒಳಗೆ ಹೋಗಿ ತಂಗಿಯ ಕಣ್ಣ ಮುಂದೆ ಹಿಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ತೋರಿಸದವಳು ಅವತ್ತು ತೋರಿಸಿದೆ. ‘ನೋಡವ್ವ, ಇವನೇ ಕೊಂಬಣ್ಣ. ನಿನ್ನ ಮನೆ ಕೆಳಗೆ ಇವನೇ ಇರೋದು. ಹೆದರಬ್ಯಾಡ.’

ಚಿಕ್ಕತಾಯಿ ಮಲಗಿದ್ದಲ್ಲೇ ಒಂದು ಬೆರಳು ಚಾಚಿ ಆ ಕೊಂಬನ್ನು ಸವರಿದಳು. ‘ಇಷ್ಟೇನಾ?’ ಎಂದು ನಕ್ಕಳು. ‘ನಾನು ಎಮ್ಮೆ ಕರು ಅಷ್ಟಿರ್ತಾನೆ ಅಂದ್ಕೊಂಡಿದ್ದೆ.’

ಅವತ್ತಿನಿಂದ ನಾನು ಅವಳ ಮನೆ ಬಿಟ್ಟು ಕದಲಲಿಲ್ಲ. ಬೇರೆ ಮನೆಗಳಿಗೆ ಓಡಿಹೋಗಿ ನೋಡಿ ಓಡಿಬರುತ್ತಿದ್ದೆ. ಕೂತರೆ ಪಾದ ನೆಲಕ್ಕೆ ಒತ್ತಿ ಕೂರುತ್ತಿದ್ದೆ. ಒಲೆಯ ಮೇಲೆ ನೀರು ಕುದಿದು ಪಾತ್ರೆ ಅಲ್ಲಾಡಿದರೂ ದಡಕ್ಕನೆ ಎದ್ದು ನಿಲ್ಲುತ್ತಿದ್ದೆ. ಪಕ್ಕದ ಮನೆಯ ಗವಿಯಮ್ಮ, ಪುರಿ ಹುರಿದು ಮಾರುವವಳು, ತನ್ನ ಮನೆಗೆ ಕೊಂಬಣ್ಣ ಒಂದು ಬೆಳಗು ಬಂದರೆ ಎರಡು ಬೆಳಗು ಬಾರದೆ ಹೆದರಿದವಳು, ನಡುಗೋಡೆಯ ಆ ಕಡೆಯಿಂದ ದಿನಾ ಕೂಗುತ್ತಿದ್ದಳು: ‘ಹೊಂಬಾಳಕ್ಕ, ನಿನ್ನ ತಂಗಿ ಮನೆಗೆ ಕೊಂಬಣ್ಣ ಬಂದವ್ನಂತಲ್ಲ. ನಮ್ದು ನಿಮ್ದು ಒಂದೇ ಗೋಡೆ, ಒಂದೇ ನೆಲ. ಅಂಗಾರೆ ನಮಗೂ ಭಯ ಇಲ್ಲ ಅನ್ನು.’ ನಾನು ಹೂಂ ಎನ್ನುತ್ತಿದ್ದೆ. ಒಂದು ಸುಳ್ಳಿನ ಮೇಲೆ ಎರಡು ಮನೆ ನಿಂತಿದ್ದವು. ಗವಿಯಮ್ಮನಿಗೆ ಮೂರು ಮಕ್ಕಳು.

ಐದನೆಯ ದಿನ ಬೆಳಗ್ಗೆ ಮರಿಗಂಗಯ್ಯ ಬಾಗಿಲು ತೆಗೆಯಲು ಹೋದ. ಬಾಗಿಲು ಕರ್ರೆಂದು ನೆಲಕ್ಕೆ ಉಜ್ಜಿತು. ಅವನು ಎತ್ತಿ ತಳ್ಳಿದ, ಅರ್ಧಕ್ಕೆ ನಿಂತಿತು. ಹೊಸ್ತಿಲು ಒಂದು ಕಡೆಗೆ ನಾಲ್ಕು ಬೆರಳು ಇಳಿದಿತ್ತು. ನಡುಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕು, ಅದರೊಳಗಿಂದ ಗವಿಯಮ್ಮನ ಒಲೆಯ ಬೆಳಕು ಕಾಣುತ್ತಿತ್ತು. ಆ ಕಡೆ ಅವಳ ಚಿಕ್ಕ ಮಗಳು ಏನೋ ಹಾಡಿಕೊಂಡು ಪುರಿ ಆರಿಸುತ್ತಿದ್ದಳು.

ಗವಿಯಮ್ಮ ಬಿರುಕಿಗೆ ಬಾಯಿಟ್ಟು ಕೇಳಿದಳು: ‘ಹೊಂಬಾಳಕ್ಕ, ಬಿರುಕು ಬಿಟ್ಟದಲ್ಲ. ಏನಿಲ್ಲ ತಾನೆ? ಬಂದವ್ನೆ ತಾನೆ?’

ನನ್ನ ಬಾಯಿಯಿಂದ ಹೂಂ ಬರಲಿಲ್ಲ. ‘ಇಲ್ಲ ಗವಿಯಮ್ಮ,’ ಎಂದೆ. ‘ಬಂದಿಲ್ಲ. ಆವತ್ತೂ ಬಂದಿರ್ಲಿಲ್ಲ. ಮಕ್ಕಳನ್ನ ಎತ್ಕೊಂಡು ಬಂಡೆಗೆ ಓಡು.’

ಮಂಚದ ಮೇಲಿಂದ ಚಿಕ್ಕತಾಯಿ ನನ್ನನ್ನು ನೋಡಿದಳು. ಮರಿಗಂಗಯ್ಯ ಬಾಗಿಲನ್ನೇ ಕಿತ್ತು ಅದರ ಮೇಲೆ ಹಾಸಿಗೆ ಹಾಸಿದ. ಬೀದಿಯವರು ಆರು ಜನ ಬಂದು ಅವಳನ್ನು ಬಾಗಿಲ ಮೇಲೆ ಎತ್ತಿ ಹೊತ್ತರು. ನಾನು ಪಕ್ಕದಲ್ಲಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಓಡಿದೆ. ಒಂದೊಂದು ಹೆಜ್ಜೆಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಬಂಡೆಯ ಬುಡ ಸೇರುವಷ್ಟರಲ್ಲಿ ಹಾಸಿಗೆ ನೆಂದಿತ್ತು. ಹೊನ್ನಾಜಮ್ಮ ಎಲ್ಲರನ್ನೂ ದೂರ ಅಟ್ಟಿ ಸೀರೆ ಅಡ್ಡ ಹಿಡಿಸಿದಳು. ಮಧ್ಯಾಹ್ನಕ್ಕೆ ಮಗು ಹುಟ್ಟಿತು. ಹೆಣ್ಣು. ಮೊದಲು ಅಳಲಿಲ್ಲ. ಹೊನ್ನಾಜಮ್ಮ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದ ಮೇಲೆ ಅತ್ತಿತು. ತಾಯಿಯೂ ಉಳಿದಳು. ನಾನು ಬಂಡೆಯ ಮೇಲೆ ಹಣೆಯಿಟ್ಟು ಬಿದ್ದುಕೊಂಡೆ.

ಆಮೇಲೆ ತಲೆ ಎತ್ತಿ ನೋಡಿದರೆ ಊರಿಗೆ ಊರೇ ಬಂಡೆಯ ಮೇಲಿತ್ತು. ಗವಿಯಮ್ಮ ಓಡುವಾಗ ದಾರಿಯುದ್ದಕ್ಕೂ ಕೂಗಿಕೊಂಡೇ ಬಂದಿದ್ದಳು. ಹೆದರಿದವರ ಮೇಲೆ ಕಪ್ಪೆ ಎಸೆದಂತಾಗಿತ್ತು. ನಾನು ಒಂದು ಮನೆಯ ವಿಷಯದಲ್ಲಿ ಸುಳ್ಳು ಹೇಳಿದ್ದೆ. ಆದರೆ ನಲವತ್ತು ಮನೆಗಳವರು ನನ್ನ ಮಾತಿನ ಮೇಲೆಯೇ ಮಲಗುತ್ತಿದ್ದರಲ್ಲ, ಈಗ ಒಬ್ಬರಿಗೂ ತಮ್ಮ ಮನೆಯ ಕೆಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಸಿದ್ದವೀರನ ಹೆಂಡತಿ ನನ್ನ ಮುಂದೆ ಬಂದು ನಿಂತಳು.

‘ನಮ್ಮನೆ ಮುಳುಗಿದ ದಿನಾನೂ ಹಿಂಗೇ ಅಂದಿದ್ಯಾ?’

‘ಇಲ್ಲ ಕಣವ್ವ. ಆವತ್ತು ನಿಜವಾಗ್ಲೂ ಬಂದಿದ್ವು.’

ಅವಳು ಉಗುಳಲಿಲ್ಲ, ಬೈಯಲಿಲ್ಲ. ಇಲ್ಲವೆಂಬಂತೆ ತಲೆಯಾಡಿಸಿ ಹೋದಳು. ನಿಜ ಹೇಳಿಯೂ ನಂಬಿಸಲಾಗದ್ದು ನನಗೆ ಅದೇ ಮೊದಲು. ಗುರುಶಾಂತಯ್ಯ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಮುರಿದ. ಇನ್ನು ಮೇಲೆ ಅವರವರ ಮನೆಯ ಹುಳು ಅವರವರೇ ನೋಡಿಕೊಳ್ಳಲಿ ಎಂದ. ದನಗಳನ್ನು ಬಯಲಿಗೆ ಬಿಡಿ ಎಂದು ನಾನು ಮತ್ತೆ ಬೇಡಿಕೊಂಡೆ. ‘ಸಾಕು ನಿಲ್ಸು’ ಎಂದರು ನಾಲ್ಕೈದು ಜನ ಒಟ್ಟಿಗೇ.

ನೋಡಿಕೊಳ್ಳುವುದಕ್ಕೆ ಅವರಿಗೆ ಗುರುತೆಲ್ಲಿ ಗೊತ್ತು? ಕೆಲವರು ಮನೆಮಕ್ಕಳ ಮಿಜಿಮಿಜಿ ನೋಡಿ ‘ಬೇಕಾದಷ್ಟವೆ’ ಎಂದು ಮನೆಗೆ ಮರಳಿದರು. ಕೆಲವರು ಸಗಣಿಯಲ್ಲಿ ಮೂಗಿಟ್ಟು ಕೂತು, ಇದ್ದ ಹುಳುವನ್ನೂ ಕಾಣದೆ, ಬಂಡೆಯ ಮೇಲೇ ಗುಡಿಸಲು ಹಾಕಿದರು. ನಾನು ನನ್ನ ಒಂದೇ ಎಮ್ಮೆಯನ್ನು ಬಿಚ್ಚಿ, ಅದರ ಬಾಲ ಹಿಡಿದುಕೊಂಡು ಹಸಿಬಯಲಿಗೆ ಹೋಗತೊಡಗಿದೆ. ಹೆಜ್ಜೆ ಹೆಜ್ಜೆಗೂ ನೆಲ ತೂಗುತ್ತಿತ್ತು, ಜೀವ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಅದು ಹುಲ್ಲಿನಲ್ಲಿ ಹಾಕಿದ ಸಗಣಿಯನ್ನು ದೂರದಿಂದ ಕೂತು ನೋಡುತ್ತಿದ್ದೆ. ಮೂರನೆಯ ದಿನ ಒಂದು ನವಿಲುಬಣ್ಣದ ಉರುಳಿಗ ಬಂತು. ಏಳನೆಯ ದಿನ ಹನ್ನೊಂದು ಜಾತಿ ಎಣಿಸಿದೆ. ಒಂಬತ್ತನೆಯ ದಿನ ಕೊಂಬಣ್ಣ ಭರ್ರೆಂದು ಬಂದು ಬಿದ್ದು, ಸಗಣಿಯ ಕೆಳಗೆ ಮಣ್ಣು ಎತ್ತಿಹಾಕುತ್ತಾ ಇಳಿದುಹೋದ. ಬಯಲಿನಲ್ಲಿ ಎಲ್ಲವೂ ಇದ್ದವು, ಹೊಟ್ಟೆಗಿಲ್ಲದೆ ಅಲ್ಲಲ್ಲೇ ಅಡಗಿದ್ದವು. ಒಂದು ತಿಂಗಳು ದನ ಬಿಟ್ಟರೆ ಊರಿನವರೆಗೂ ಬರುತ್ತವೆ. ನನಗೆ ಖುಷಿಯಿಂದ ಅಳು ಬಂತು, ಹೇಳಿಕೊಳ್ಳಲು ಎಮ್ಮೆಯ ಹೊರತು ಯಾರೂ ಇರಲಿಲ್ಲ.

ಬಂಡೆಯ ಮೇಲೆ ಚಿಕ್ಕತಾಯಿ ಹದಿಮೂರು ದಿನ ಇದ್ದಳು. ಮೇಲೆ ಚಾಪೆ ಹೊದಿಸಿದ ಗುಡಿಸಲು, ಕೆಳಗೆ ಥಂಡಿ ಕಲ್ಲು, ಸುತ್ತ ಗಾಳಿ. ಬಾಣಂತಿಗೆ ಕಾಯಿಸಿಕೊಳ್ಳಲು ಒಣ ಕಟ್ಟಿಗೆ ಸಿಗುತ್ತಿರಲಿಲ್ಲ. ಮಗುವಿಗೆ ಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗುತ್ತಿತ್ತು. ಅವಳ ಮನೆ ನಾಲ್ಕು ಬೆರಳು ಇಳಿದು ಅಲ್ಲಿಗೇ ನಿಂತಿತ್ತು, ಇನ್ನೂ ಇಳಿದಿರಲಿಲ್ಲ. ಅವಳು ದಿನವೂ ಬಂಡೆಯ ಅಂಚಿಗೆ ಬಂದು ಅದನ್ನೇ ನೋಡುತ್ತಿದ್ದಳು.

ಹದಿನಾಲ್ಕನೆಯ ದಿನ ನಾನು ಬಯಲಿನಿಂದ ಬರುವಾಗ ಅವಳು ತನ್ನ ಮನೆಯ ಮೂಲೆಯಲ್ಲಿ, ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಗ್ಗಿ ಕೂತಿದ್ದಳು. ಎದುರಿಗೆ ಬಿಡಿಸಿದ ಸಗಣಿ ಮುದ್ದೆ. ಮರಿಗಂಗಯ್ಯ ಹಿಂದೆ ನಿಂತಿದ್ದ. ನನ್ನನ್ನು ಕಂಡು ಅವಳ ಮುಖ ಅರಳಿತು.

‘ಅಕ್ಕ, ನೋಡು. ಕೊಂಬಣ್ಣ ಬಂದವ್ನೆ.’

ಅವಳ ಅಂಗೈಯಲ್ಲಿ ಇದ್ದದ್ದು ಮೊಂಡುಗೊಂಬ. ‘ಅದು ಕೊಂಬಣ್ಣ ಅಲ್ಲ ಕಣೆ ಚಿಕ್ಕತಾಯಿ,’ ಎಂದೆ. ‘ಅದು ಮೊಂಡುಗೊಂಬ. ಒಂದು ಗೇಣಿಗಿಂತ ಕೆಳಗೆ ಇಳಿಯೋದಿಲ್ಲ ಅದು. ಮನೆ ಕೆಳಗೆ ಏನೂ ಇಲ್ಲ.’

‘ನೀನೇ ತೋರಿಸಿದ್ಯಲ್ಲಕ್ಕ. ಇದೇ ಕೊಂಬು. ಮುಟ್ಟಿ ನೋಡಿದೀನಿ.’

‘ಆವತ್ತು ಸುಳ್ಳು ತೋರಿಸ್ದೆ. ನಿನ್ನನ್ನ ಎತ್ತಬಾರದು ಅಂತ.’

ಅವಳು ಎದ್ದು ನಿಂತಳು. ಮಗು ಕೆಮ್ಮಿತು. ಅದರ ಬೆನ್ನು ಸವರುತ್ತಾ, ಸಿಟ್ಟಿಲ್ಲದೆ, ಚಿಕ್ಕವಳಿದ್ದಾಗ ಜಡೆ ಹಾಕಿಸಿಕೊಳ್ಳುವಾಗ ಮಾತಾಡುತ್ತಿದ್ದಂತೆ ಮೆಲ್ಲಗೆ ಹೇಳಿದಳು: ‘ಬಂತು ಅಂತ ಕೈಯಲ್ಲಿ ಹಿಡ್ಕೊಂಡು ತೋರಿಸ್ದೆ. ಆಮೇಲೆ ಊರಿನ ಮುಂದೆ ಬಂದಿರ್ಲಿಲ್ಲ ಅಂದೆ. ಇವತ್ತು ಕಣ್ಣೆದುರು ಬಂದಿರೋದನ್ನ ಬಂದಿಲ್ಲ ಅಂತೀಯ. ನಿನ್ನ ಯಾವ ಮಾತು ಹಿಡ್ಕೊಳ್ಲಿ ಹೇಳಕ್ಕ? ಮನೆ ನಿಂತದೆ. ಬಂಡೆ ಮೇಲೆ ಇನ್ನೆರಡು ದಿನ ಇದ್ರೆ ನನ್ ಮಗ ಉಳಿಯಲ್ಲ.’ ನಮ್ಮಲ್ಲಿ ಹೆಣ್ಣುಮಗುವನ್ನೂ ಮುದ್ದಿಗೆ ಮಗ ಎನ್ನುತ್ತಾರೆ.

ನಾನು ಅವಳ ಕಾಲು ಹಿಡಿದೆ. ನಿಜವಾಗಿ ಹಿಡಿದೆ, ಚಿಕ್ಕ ತಂಗಿಯ ಕಾಲು. ಅವಳು ಬಗ್ಗಿ ನನ್ನ ಕೈ ಬಿಡಿಸಿ, ಬಾಗಿಲಿಲ್ಲದ ಬಾಗಿಲು ದಾಟಿ ಒಳಗೆ ಹೋದಳು. ಒಲೆ ಹಚ್ಚುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಮಗುವಿನ ಕೆಮ್ಮು ಕಡಿಮೆಯಾಯಿತು, ಅದೂ ನಿಜ.

ನಾನು ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಂಡು ಒಳಗೆ ಹೋದೆ. ‘ಮಗೂನ ನನಗೆ ಕೊಡು, ನೀನು ಮಲಗು’ ಎಂದೆ. ಆ ಒಂದು ವಿಷಯದಲ್ಲಿ ಅವಳಿಗೆ ನನ್ನ ಮೇಲೆ ಅನುಮಾನವಿರಲಿಲ್ಲ, ಕೊಟ್ಟಳು. ನಾನು ಹೊಸ್ತಿಲಿಗೆ ಬಂದು, ಅಂಗಳದ ಕಡೆ ಮುಖ ಮಾಡಿ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ನೆಲ ಜಗ್ಗಿದರೆ ಅಂಗಳಕ್ಕೆ ಎಸೆಯಲು ಆಗುವಂತೆ ಕೈಯೆರಡೂ ಅದರ ಕೆಳಗೆ ಇಟ್ಟುಕೊಂಡೆ. ನನ್ನ ಎಮ್ಮೆಯನ್ನು, ನಾನು ಬಿರುಕಿನಲ್ಲಿ ಆಡಿದ ನಿಜವನ್ನು ಮರೆಯದ ಗವಿಯಮ್ಮನ ಗಂಡ ಬಯಲಿಗೆ ಹೊಡೆದುಕೊಂಡು ಹೋಗುತ್ತಾನೆ, ಜೊತೆಗೆ ತನ್ನವು ಎರಡನ್ನೂ. ಒಂದು ತಿಂಗಳು ಬೇಕು. ಹೀಗೆ ಶುರುವಾಗಿ ಇವತ್ತಿಗೆ ಹತ್ತು ದಿನವಾಯಿತು.

ಮಗು ಹಾಲು ಕುಡಿಯುವಾಗ ಮಾತ್ರ ಒಳಗೆ ಹೋಗುತ್ತದೆ. ಆಗ ನಾನು ಹೊಸ್ತಿಲಲ್ಲೇ ನಿಂತು ಕಾಯುತ್ತೇನೆ. ಮರಿಗಂಗಯ್ಯ ಮನೆಯೊಳಗೆ ಕೂರುವುದಿಲ್ಲ. ಸೆಕೆ ಎನ್ನುತ್ತಾನೆ, ಈ ಮಳೆಯಲ್ಲಿ. ಅಂಗಳದಲ್ಲಿ, ನನಗೆ ನೇರ ಎದುರಿಗೆ, ಎರಡು ಮಾರು ದೂರದಲ್ಲಿ ನಾರು ಹರಡಿಕೊಂಡು ಹಗ್ಗ ಹೊಸೆಯಲು ಕೂರುತ್ತಾನೆ. ಹೆಂಡತಿ ಕಂಡ ಹುಳು ಕೊಂಬಣ್ಣನಲ್ಲ ಎಂದು ಅವನು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಅವನು ನಾರನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ, ಹೊಸೆಯುವುದಿಲ್ಲ. ಎರಡೂ ಕೈ ಖಾಲಿಯಾಗಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿರುತ್ತಾನೆ.